ನಲವತ್ತು ಸೌಟುಗಳ ಪಿಎಚ್‌ಡಿ

ನಲವತ್ತು ಸೌಟು ಬೇಕು ಎಂದು ಚಂಪಾ ನನ್ನ ಕುಲುಮೆಗೆ ಬಂದ ದಿನ, ಅವಳ ಮದುವೆ ನಿಶ್ಚಯವಾಗಿದೆ ಎಂದೇ ನಾನು ತಿಳಿದೆ. ಯಾವ ಮದುವೆಗೂ ಅಷ್ಟೊಂದು ಸೌಟು ಬೇಕಾಗುವುದಿಲ್ಲ, ನಿಜ. ಆದರೆ ಅವಳ ತಾಯಿ ಪಾರವ್ವ ಏನು ಮಾಡಿಸಿದರೂ ಮೂರು ಪಟ್ಟು ಮಾಡಿಸುವ ಹೆಂಗಸು. ನಾನು ತಿದಿ ಬಿಟ್ಟು ಎದ್ದು ಬಂದೆ.

"ವರ ಯಾವೂರಾಂವವಾ?"

"ವರ ಅಲ್ಲ ಕಾಕಾ, ಪಿಎಚ್‌ಡಿ," ಎಂದಳು. "ಹಣಕಾಸು ವಿಭಾಗದಾಗ ಸೀಟು ಸಿಕ್ಕೇತಿ. ನಲವತ್ತೂ ಒಂದೇ ಅಳತಿ, ಒಂದೇ ತೂಕ ಇರಬೇಕು. ಕೂದಲೆಳಿಯಷ್ಟೂ ಹೆಚ್ಚುಕಡಿಮಿ ಆಗಬಾರದು."

ಈ ಮೋನಪ್ಪ ಬಡಿದ ಕಬ್ಬಿಣದಲ್ಲಿ ಹೆಚ್ಚುಕಡಿಮೆ ಹುಡುಕಿದವರು ಇನ್ನೂ ಹುಟ್ಟಿಲ್ಲ ಎಂದು ಹೇಳಿ ಕಳಿಸಿದೆ. ಹನ್ನೆರಡು ದಿನದಲ್ಲಿ ನಲವತ್ತೂ ಸೌಟು ಕೊಟ್ಟೆ. ಹಿಡಿಯ ಹಿಂಬದಿಗೆ ನನ್ನ ಗುರುತಿನ ಮೂರು ಚುಕ್ಕೆ ಒತ್ತಿದ್ದೆ.

ನಮ್ಮೂರಲ್ಲಿ ಎರವಲು ಕೊಟ್ಟ ವಸ್ತು ಪಡೆದವರ ಮನೆಯಲ್ಲಿ ಬೆಳೆಯುತ್ತದೆ. ಏಣಿ ಕೊಟ್ಟರೆ ಒಂದು ಮೆಟ್ಟಿಲು ಹೆಚ್ಚಾಗಿ ಬರುತ್ತದೆ, ಕಂಬಳಿ ಕೊಟ್ಟರೆ ಇನ್ನೊಬ್ಬರು ಮಲಗುವಷ್ಟು ಅಗಲವಾಗಿ ಬರುತ್ತದೆ. ಕೊಟ್ಟವರು ವಾಪಸ್ಸು ಕೇಳಿದ ಕ್ಷಣಕ್ಕೆ ಬೆಳೆಯುವುದು ನಿಲ್ಲುತ್ತದೆ, ಅದಕ್ಕೇ ಯಾರೂ ಕೇಳುವುದಿಲ್ಲ. ಪಡೆದವರಿಗೆ ಸಾಕೆನಿಸಿದಾಗ ಅವರೇ ತಂದುಕೊಡುತ್ತಾರೆ. ನನ್ನ ಅಜ್ಜ ಯಾರಿಗೋ ಕೊಟ್ಟ ಕೊಡಲಿ ಇನ್ನೂ ಬಂದಿಲ್ಲ. ಅದು ಈಗ ಎಷ್ಟಾಗಿದೆಯೋ, ಎತ್ತುವವರು ಎಷ್ಟು ಜನರೋ, ದೇವರೇ ಬಲ್ಲ.

ಬೆಳೆಯದಿರುವುದು ಹಣ ಒಂದೇ. ಹಿಂದೊಮ್ಮೆ ಹೊರಗಿನಿಂದ ಒಂದು ಬ್ಯಾಂಕು ಬಂದು ಬಾಗಿಲು ತೆರೆದಿತ್ತು. ಮ್ಯಾನೇಜರು ತಿಂಗಳು ತಿಂಗಳಿಗೂ ಮನೆಮನೆಗೆ ಪತ್ರ ಹಾಕಿ ಕೊಟ್ಟದ್ದನ್ನು ಕೇಳುತ್ತಿದ್ದ. ಕೇಳುವುದೆಂದರೆ ನಮ್ಮಲ್ಲಿ ಎದುರಿಗೆ ನಿಂತು ಬೈದ ಹಾಗೆ. ಜನ ಹಣವನ್ನು ತಂದು ಅವನ ಮೇಜಿನ ಮೇಲಿಟ್ಟು, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬ್ಯಾಂಕು ಮುಚ್ಚಿ ಎಷ್ಟೋ ಕಾಲವಾಯಿತು. ಅದರ ನಾಲ್ಕು ಕುರ್ಚಿಗಳನ್ನು ಸೀಮಂತಕ್ಕೆಂದು ಒಯ್ದವರ ಮನೆಯಲ್ಲಿ ಅವು ಬೆಂಚುಗಳಾಗಿ ಕೂತಿವೆ.

ಇಂಥ ಊರಿನ ವಿಶ್ವವಿದ್ಯಾಲಯದಲ್ಲಿ ಹಣಕಾಸು ವಿಭಾಗಕ್ಕೆ ಏನು ಕೆಲಸ? ಪ್ರೊಫೆಸರ್ ಪಂಚಾಕ್ಷರಿಯವರು ಒಂದು ಮೇಜು, ಒಂದು ಕಪಾಟಿನೊಂದಿಗೆ ಇಪ್ಪತ್ತೆರಡು ವರ್ಷ ಒಬ್ಬರೇ ಕೂತಿದ್ದರು. ಹೊರಗಿನ ಪುಸ್ತಕಗಳಲ್ಲೆಲ್ಲ ಬಡ್ಡಿಗೆ ಒಂದು ದರ ಇರುತ್ತದೆಯಂತೆ, ಇಷ್ಟು ಕಾಲಕ್ಕೆ ಇಷ್ಟು ಎಂದು. ಹಾಗಾದರೆ ನಮ್ಮೂರಿನ ಬೆಳವಣಿಗೆಗೂ ಒಂದು ದರ ಇರಲೇಬೇಕಲ್ಲ? ಅದನ್ನು ಯಾರೂ ಕಂಡುಹಿಡಿದಿರಲಿಲ್ಲ. ಚಂಪಾ ಅದನ್ನೇ ಹಿಡಿದಳು. ನಲವತ್ತು ಮನೆಗೆ ನಲವತ್ತು ಸೌಟು ಎರವಲು ಕೊಡುವುದು, ಪ್ರತಿ ತಿಂಗಳ ಮೊದಲ ಸೋಮವಾರ ಹೋಗಿ ಅಳೆಯುವುದು, ಆರು ವರ್ಷದೊಳಗೆ ಪ್ರಬಂಧ ಕೊಡುವುದು. ಕೊಟ್ಟರೆ ಅದೇ ವಿಭಾಗದಲ್ಲಿ ಮೇಷ್ಟರ ಕೆಲಸ. ಕೊಡದಿದ್ದರೆ ನೋಂದಣಿ ರದ್ದು, ಕೆಲಸವೂ ಇಲ್ಲ, ವಿಭಾಗಕ್ಕೂ ಬೀಗ.

ಸೌಟು ಕೊಟ್ಟ ಮೂರನೆಯ ದಿನಕ್ಕೇ ಮೊದಲ ಸೋಮವಾರ ಬಂತು, ಅವಳು ಅಳೆದಾಗ ಒಂದು ಸೌಟೂ ಬೆಳೆದಿರಲಿಲ್ಲ. ಎರಡನೆಯ ತಿಂಗಳೂ ಇಲ್ಲ. ಮೂರನೆಯ ತಿಂಗಳು, ಸೌಟು ಪಡೆದವರಲ್ಲಿ ಒಬ್ಬಳಾದ ಶಿವಗಂಗವ್ವನ ಮನೆಕಟ್ಟೆಯ ಮೇಲೆ ಕೂತು, ಅಳತೆಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟಳು.

ಕಾರಣ ಊರಿಗೆಲ್ಲ ಗೊತ್ತಿತ್ತು. ಕೊಟ್ಟವಳೇ ಬಾಗಿಲಿಗೆ ಬಂದು, ಸೌಟು ತರಿಸಿಕೊಂಡು, ತುದಿಯಿಂದ ತುದಿಗೆ ಪಟ್ಟಿ ಹಿಡಿದು ನೋಡಿದರೆ ಅದು ಕೇಳಿದ ಹಾಗಲ್ಲದೆ ಮತ್ತೇನು? ಚಂಪಾ ಮತ್ತು ಪ್ರೊಫೆಸರು ಮಾತ್ರ, ಅಳೆಯುವುದು ಬೇರೆ, ಕೇಳುವುದು ಬೇರೆ ಎಂದು ಎರಡು ಪುಟ ಬರೆದುಕೊಂಡು ನೆಮ್ಮದಿಯಾಗಿದ್ದರು. ಅಷ್ಟು ಓದಿದ ಹುಡುಗಿಗೆ ಹೋಗಿ ತಪ್ಪು ಎಂದು ಹೇಳುವವರು ಯಾರು? ಹೇಳಿದರೆ ನೊಂದುಕೊಳ್ಳುತ್ತಾಳೆ, ಹೇಳದಿದ್ದರೂ ಅಳುತ್ತಾಳೆ. ಶಿವಗಂಗವ್ವ ಮೂರನೆಯ ದಾರಿ ಹುಡುಕಿದಳು. ಮುಂದಿನ ತಿಂಗಳ ಅಳತೆಗೆ ಎರಡು ದಿನ ಮೊದಲು, ಶನಿವಾರ, ಸೆರಗಿನಡಿ ಸೌಟು ಮುಚ್ಚಿಕೊಂಡು ನನ್ನ ಕುಲುಮೆಗೆ ಬಂದಳು.

"ಮೋನಪ್ಪಣ್ಣ, ಇದನ್ನ ಚೂರು ಉದ್ದ ಮಾಡು."

"ಎಷ್ಟು?"

"ಒಂದು ಜ್ವಾಳದ ಕಾಳಿನಷ್ಟು. ಪಾಪ, ಆ ಹುಡುಗಿ ಮಾರಿ ನೋಡಾಕ ಆಗವಲ್ದು."

ನಾನು ಕಾಸಿ ನಾಲ್ಕೇಟು ಬಡಿದು ಕೊಟ್ಟೆ. ಸೋಮವಾರ ಸಂಜೆ ಚಂಪಾ ಕುಣಿಯುತ್ತ ಹೋಗುವುದನ್ನು ಇಡೀ ಬೀದಿ ನೋಡಿತು. ಮುಂದಿನ ತಿಂಗಳು ಹನ್ನೊಂದು ಜನ ಬಂದರು. ಆಮೇಲೆ ಮೂವತ್ತೊಂಬತ್ತು ಮನೆಯವರೂ. ಅಳತೆಯ ಸೋಮವಾರಕ್ಕೆ ಮುಂಚಿನ ಶನಿವಾರ ನನಗೆ ಬೇರೆ ಕೆಲಸ ಮುಟ್ಟುವುದಕ್ಕೇ ಆಗದಂತಾಯಿತು. ಕಾಸು ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಬೆಣ್ಣೆ ತಂದರು, ಶೇಂಗಾ ಚಟ್ನಿ ತಂದರು, ಒಬ್ಬಳು ಪ್ರತಿ ಸಲವೂ ಅರ್ಧ ಸೋರೆಕಾಯಿ ತಂದಳು. ಉಳಿದರ್ಧ ಯಾರಿಗೆ ಕೊಡುತ್ತಿದ್ದಳೋ ತಿಳಿಯದು.

ಹೆಂಗಸರ ನಡುವೆ ಪೈಪೋಟಿ ಹುಟ್ಟಿತು. "ನಮ್ಮನಿದು ಶಿವಗಂಗಕ್ಕನ ಮನಿದಕ್ಕಿಂತ ಒಂದೆಳಿ ಮುಂದಿರಲಿ," ಎಂದು ದೇಸಾಯರ ಮನೆಯಾಕೆ ಹೇಳಿ ಕಳಿಸಿದಳು. ಹಿಟ್ಟಿನ ಗಿರಣಿಯ ಬಸಲಿಂಗವ್ವ ಮಹಾ ಜಿಪುಣಿ, ಎರಡು ತಿಂಗಳಿಗೊಮ್ಮೆ ಮಾತ್ರ ಬರುತ್ತಿದ್ದಳು. ಇದೆಲ್ಲ ಚಂಪಾಳ ಕಾಗದದಲ್ಲಿ ಬಹಳ ಚೆಂದದ ಗೆರೆಗಳಾಗಿ ಏರಿತು. ದೊಡ್ಡ ಮನೆಗಳಲ್ಲಿ ಬೆಳವಣಿಗೆಯ ದರ ಹೆಚ್ಚು, ವ್ಯಾಪಾರಸ್ಥರಲ್ಲಿ ಕಡಿಮೆ ಎಂದು ಅವಳು ಒಂದು ಅಧ್ಯಾಯವನ್ನೇ ಬರೆದಳು. "ಇಂಥಾ ಗೆರಿ ನಾ ಜನ್ಮದಾಗ ನೋಡಿಲ್ಲ," ಎಂದು ಪ್ರೊಫೆಸರು ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟರು. ನನ್ನ ಸುತ್ತಿಗೆಯ ಪೆಟ್ಟು ಗಾಜಿನ ಹಿಂದೆ ಕೂತದ್ದನ್ನು ನೋಡಿ ನನಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು.

ಐದು ವರ್ಷ ಒಂಬತ್ತು ತಿಂಗಳು ಹೀಗೆ ಕಳೆದವು. ಪ್ರಬಂಧವನ್ನು ಪರೀಕ್ಷಿಸಲು ಹೊರಗಿನ ವಿಶ್ವವಿದ್ಯಾಲಯದಿಂದ ಡಾಕ್ಟರ್ ವಾಮನಮೂರ್ತಿ ಎಂಬುವರು ನೇಮಕವಾಗಿದ್ದರು. ಅವರ ಕಡೆ ಎರವಲು ಕೊಟ್ಟದ್ದು ಬೆಳೆಯುವುದು ಹಾಗಿರಲಿ, ವಾಪಸ್ಸು ಬಂದರೇ ಹಬ್ಬ. ಹಾಗಾಗಿ ಮನುಷ್ಯ ಸಂಶಯದವರು. ಸಾರಾಂಶ ಓದಿ ಒಂದೇ ಸಾಲಿನ ಕಾಗದ ಬರೆದರು: "ಉದ್ದ ಸರಿ, ತೂಕವೆಷ್ಟು?"

ಚಂಪಾ ಅಕ್ಕಸಾಲಿಗರ ತಕ್ಕಡಿ ಹಿಡಿದುಕೊಂಡು ಮನೆಮನೆ ಸುತ್ತಿದಳು. ಮರುದಿನ ಮಧ್ಯಾಹ್ನ ನನ್ನ ಕುಲುಮೆಗೆ ಬಂದು, ಒಂದು ಸೌಟನ್ನು ನಾನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು, ಎದುರಿಗೆ ಕೂತಳು. ಹಿಡಿ ಮೊದಲಿಗಿಂತ ಒಂದು ಗೇಣು ಉದ್ದವಾಗಿತ್ತು, ಕಡ್ಡಿಯಷ್ಟು ತೆಳ್ಳಗಾಗಿತ್ತು.

"ಕಾಕಾ, ಉದ್ದ ಬೆಳದೈತಿ, ತೂಕ ಬೆಳದಿಲ್ಲ. ಉಲ್ಟಾ ಒಂದೀಟು ಕಡಿಮಿ ಆಗೇತಿ."

"ಕಾಸಿದಾಗ ಕಬ್ಬಿಣದ ಸಿಪ್ಪಿ ಉದರತೈತಲ್ಲವಾ," ಎಂದೆ. ಬಾಯಿಂದ ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಸೌಟನ್ನು ತಿರುಗಿಸಿ ನನ್ನ ಗುರುತಿನ ಮೂರು ಚುಕ್ಕೆ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ, ಸೋರೆಕಾಯಿಯನ್ನೂ ಬಿಡಲಿಲ್ಲ. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಮೂವತ್ತೊಂಬತ್ತು ಮಂದೀನೂ?"

"ಮೂವತ್ತೊಂಬತ್ತೂ. ಬಸಲಿಂಗವ್ವ ಎರಡ್ ತಿಂಗಳಿಗೊಮ್ಮೆ."

ಅಷ್ಟಕ್ಕೆ ಅವಳಿಗೆ ನಗು ಬಂತು. ನಗುತ್ತಲೇ ಕಣ್ಣೀರೂ ಬಂತು. ಆರು ವರ್ಷದ ದುಡಿಮೆ ನನ್ನ ಅಡಿಗಲ್ಲಿನ ಮೇಲೆ ಬಿದ್ದಿತ್ತು, ಉಳಿದದ್ದು ಮೂರೇ ತಿಂಗಳು. ನನಗೆ ನನ್ನ ಕೈಗಳ ಮೇಲೆಯೇ ಸಿಟ್ಟು ಬಂತು.

"ನಲವತ್ತನೇದು?" ಎಂದು ತಟ್ಟನೆ ಕೇಳಿದಳು.

ನಲವತ್ತನೆಯ ಸೌಟನ್ನು ಗೌರವ್ವ ಎಂಬುವಳಿಗೆ ಕೊಟ್ಟಿದ್ದಳು. ಗೌರವ್ವ ಸೌಟು ಪಡೆದ ಮರುದಿನವೇ ಹೊಳೆಯಾಚೆಯ ಇಟ್ಟಿಗೆ ಭಟ್ಟಿಗೆ ಅಡಿಗೆ ಮಾಡಲು ಹೊರಟುಹೋಗಿದ್ದಳು. ಚಂಪಾಳ ಕಾಗದದಲ್ಲಿ ಆ ಸಾಲಿನುದ್ದಕ್ಕೂ 'ಲಭ್ಯವಿಲ್ಲ' ಎಂದಿತ್ತು. ಯಾರೂ ಹೋಗಿ ನೋಡಿರಲಿಲ್ಲ, ನನ್ನ ಕುಲುಮೆಗೂ ಅದು ಬಂದಿರಲಿಲ್ಲ.

"ಅದು ಬೆಳದಿರತೈತಿ ಕಾಕಾ. ಅದೊಂದ ಖರೇ ಬೆಳದಿರತೈತಿ," ಎಂದು ಎದ್ದಳು. ಬಾಗಿಲ ತನಕ ಹೋಗಿ ನಿಂತಳು. ಹೋಗಿ ನೋಡಿದರೆ ನಿಲ್ಲುತ್ತದೆ ಎಂಬುದು ಈಗ ಅವಳಿಗೂ ಗೊತ್ತಿತ್ತು. ವಾಪಸ್ಸು ಬಂದು ಕೂತು, ನನ್ನ ಹೆಂಡತಿ ಕೊಟ್ಟ ಚಹಾ ಕುಡಿದು, ಸೌಟನ್ನು ಅಲ್ಲೇ ಬಿಟ್ಟು ಹೋದಳು.

ಆ ಮೂರು ತಿಂಗಳಲ್ಲಿ ಅವಳು ಪ್ರಬಂಧವನ್ನು ಮೊದಲಿನಿಂದ ಬರೆದಳು. ಇದ್ದದ್ದನ್ನು ಇದ್ದ ಹಾಗೇ ಬರೆದಳು. ಬೆಣ್ಣೆ, ಚಟ್ನಿ, ಪೈಪೋಟಿ, ನನ್ನ ಹೆಸರು, ಎಲ್ಲವೂ ಬಂತು. ಒಟ್ಟು ನೂರ ಎಂಬತ್ತನಾಲ್ಕು ಪುಟ. ಪ್ರೊಫೆಸರು ಗೋಡೆಯ ಮೇಲಿನ ಗೆರೆಯನ್ನು ಇಳಿಸಿ, ಮೇಜಿನ ಮೇಲೆ ಬೋರಲಾಗಿಟ್ಟು, "ಇದಕ್ಕ ಪದವಿ ಯಾರ್ ಕೊಡತಾರವಾ?" ಎಂದರು. ಆದರೂ ಸಹಿ ಹಾಕಿದರು.

ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದಂತೆ. ನಾವು ಅಷ್ಟೂ ಜನ ಹೋದೆವು, ಹೆಂಗಸರು ಸೌಟು ಹಿಡಿದುಕೊಂಡೇ ಬಂದರು. ವಾಮನಮೂರ್ತಿಯವರು ತೆಳ್ಳಗಿನ ಮನುಷ್ಯ, ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ.

"ನಿಮ್ಮ ನಲವತ್ತು ಅಂಕಿಗಳಲ್ಲಿ ಮೂವತ್ತೊಂಬತ್ತು ಸುಳ್ಳು," ಎಂದರು. "ಉಳಿದ ಒಂದು ನಿಮಗೇ ಗೊತ್ತಿಲ್ಲ. ನಾನು ಪದವಿಯನ್ನು ಯಾವುದಕ್ಕೆ ಕೊಡಲಿ?"

"ಆ ಮೂವತ್ತೊಂಬತ್ತು ಸುಳ್ಳು ಯಾಕ ಹುಟ್ಟಿದವು ಅನ್ನೋದಕ್ಕ ಸರ್," ಎಂದಳು ಚಂಪಾ. "ನಾ ಅಳಿಯಾಕ ಹೋದಾಗೆಲ್ಲ ಬೆಳವಣಿಗಿ ನಿಂತೈತಿ. ನಿಂತದ್ದನ್ನ ಈ ಮಂದಿ ತಮ್ಮ ಮನಿಯಿಂದ ತುಂಬ್ಯಾರ. ಬಡ್ಡಿ ಎಲ್ಲಿಂದ ಬರತೈತಿ ಅಂತ ಯಾವ ಪುಸ್ತಕದಾಗೂ ಇಷ್ಟು ಸ್ಪಷ್ಟ ನಾ ಓದಿಲ್ಲ."

ಅವರು ಸಭೆಯ ಕಡೆ ತಿರುಗಿ, ಆ ಕಮ್ಮಾರ ಯಾರು ಎಂದು ಕೇಳಿದರು. ನಾನು ಎದ್ದು ನಿಂತೆ. ಏನು ಕೂಲಿ ಪಡೆದಿರಿ ಎಂದರು. "ಬೆಣ್ಣಿ ರೀ," ಎಂದೆ. ಅದನ್ನು ಬರೆದುಕೊಂಡರು.

"ಸರಿ. ಆ ನಲವತ್ತನೆಯದನ್ನು ತರಿಸಿ. ಅದನ್ನು ಅಳೆದು, ತೂಗಿ, ಈಗಲೇ ಸಹಿ ಹಾಕುತ್ತೇನೆ."

ಎಲ್ಲರೂ ಚಂಪಾಳ ಕಡೆ ತಿರುಗಿದರು. ಹೊಳೆಯಾಚೆ ಹೋಗಿ ಬರಲು ಎರಡು ಗಂಟೆ ಸಾಕು. "ತರಿಸವಾ, ಒಂದ ಮಾತು," ಎಂದು ಪ್ರೊಫೆಸರು ಬೇಡಿಕೊಂಡರು. ಅವಳ ತಾಯಿ ಪಾರವ್ವ ನನ್ನ ಪಕ್ಕದಲ್ಲಿ ಕೂತು ಯಾರದೋ ಸೌಟಿನ ಹಿಡಿಯನ್ನು ಬಾಗಿಸುತ್ತಿದ್ದಳು.

"ಇಲ್ಲ ಸರ್," ಎಂದಳು ಚಂಪಾ. "ಮೂವತ್ತೊಂಬತ್ತನ್ನ ನಾನ ನಿಲ್ಲಿಸೀನಿ. ಅದೊಂದಾದರೂ ಬೆಳೀಲಿ."

ವಾಮನಮೂರ್ತಿಯವರಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. ಇಲ್ಲ ಎನ್ನುವ ವಿದ್ಯಾರ್ಥಿಯನ್ನು ಅವರು ನೋಡಿರಲಿಲ್ಲವೋ ಏನೋ. ಇನ್ನೊಮ್ಮೆ ಓದಿ ವರದಿ ಕಳಿಸುತ್ತೇನೆ ಎಂದು, ಅವಳ ಕೈಯಲ್ಲಿದ್ದ ಪ್ರತಿಯನ್ನೇ ಇಸಿದುಕೊಂಡು ಚೀಲಕ್ಕೆ ಹಾಕಿದರು. "ಇದನ್ನು ಯಾವಾಗ ಹಿಂದಿರುಗಿಸಲಿ?"

ಮೂವತ್ತೊಂಬತ್ತು ಹೆಂಗಸರು ಒಮ್ಮೆಗೇ ಮುಂದಕ್ಕೆ ಬಾಗಿದರು. ಊರ ಹೊರಗಿನವರಿಗೆ ಯಾರೂ ಯಾವತ್ತೂ ಏನನ್ನೂ ಎರವಲು ಕೊಟ್ಟಿರಲಿಲ್ಲ.

"ನಿಮಗ ಸಾಕನಿಸಿದಾಗ ಸರ್," ಎಂದಳು.

ವರದಿ ಬರುವ ತನಕ ನೋಂದಣಿ ರದ್ದಾಗುವಂತಿಲ್ಲ, ಪದವಿಯೂ ಸಿಗುವಂತಿಲ್ಲ. ಒಂದು ವರ್ಷವಾಯಿತು, ಎರಡಾಯಿತು. ಚಂಪಾ ಅರ್ಧ ಸಂಬಳಕ್ಕೆ ವಿಭಾಗದಲ್ಲಿ ಪಾಠ ಮಾಡುತ್ತ ಉಳಿದಳು. ಎದುರಿಗೆ ಸಿಕ್ಕವರೆಲ್ಲ "ಬಂತೇನವಾ?" ಎನ್ನುವರು, ಅವಳು ಇಲ್ಲ ಎಂದು ತಲೆಯಾಡಿಸುವಳು. ರಿಜಿಸ್ಟ್ರಾರು ನೆನಪೋಲೆ ಕಳಿಸುತ್ತೇನೆ ಎಂದರೆ ಬೇಡವೆಂದಳು. ಹಾಗೆಂದು ಅವಳೇನು ಕಲ್ಲಲ್ಲ. ಆಗಾಗ ಒಂದು ಕಾರ್ಡು ಬರೆದು, ಅಂಚೆಪೆಟ್ಟಿಗೆಯ ತನಕ ಹೋಗಿ, ಅಲ್ಲಿಂದ ತಿರುಗಿ ನನ್ನ ಕುಲುಮೆಗೆ ಬರುವಳು. "ಇದನ್ನ ಸುಡು ಕಾಕಾ, ಲಗೂನ." ನಾನು ತಿದಿ ಒತ್ತುವೆ. ಹೀಗೆ ಹನ್ನೊಂದು ಕಾರ್ಡು ಸುಟ್ಟಿದ್ದೇನೆ. ಒಂದೊಂದು ಸಲವೂ ಅವಳ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು, ಆದರೆ ಈ ಸಲ ಸುತ್ತಿಗೆ ಎತ್ತಿ ನೆಟ್ಟಗೆ ಮಾಡುವಂಥದ್ದು ಏನೂ ಇರಲಿಲ್ಲ.

ಮೂರನೆಯ ವರ್ಷ ಒಂದು ಗುರುವಾರ, ಹನ್ನೊಂದರ ಬಸ್ಸಿನಿಂದ ವಾಮನಮೂರ್ತಿಯವರೇ ಇಳಿದರು. ಬಸ್ಸಿನ ಮೇಲಿನಿಂದ ಒಂದು ಗಂಟನ್ನು ಇಬ್ಬರು ಸೇರಿ ಇಳಿಸಿದರು. ಬಸ್‌ಸ್ಟ್ಯಾಂಡಿಗೆ ಹತ್ತಿರವಿರುವುದು ನನ್ನ ಕುಲುಮೆಯೇ, ಅಲ್ಲಿಗೇ ಹೊತ್ತು ತಂದರು. ಸುದ್ದಿ ಹೇಳಿ ಕಳಿಸಿದ ಕೂಡಲೇ ಚಂಪಾ ಓಡಿ ಬಂದಳು, ಹಿಂದೆಯೇ ಪ್ರೊಫೆಸರು, ಅವರ ಹಿಂದೆ ಊರು. ಗಂಟು ಬಿಚ್ಚಿದರೆ ಅವಳ ಪ್ರಬಂಧ, ಮೊಣಕಾಲೆತ್ತರ.

"ಇದು ಮುಗಿಯುತ್ತಿಲ್ಲ," ಎಂದರು ವಾಮನಮೂರ್ತಿ. ಸಣ್ಣಗಾಗಿದ್ದರು, ಕಣ್ಣು ಮಾತ್ರ ಹೊಳೆಯುತ್ತಿತ್ತು. "ವರದಿಯಲ್ಲಿ ಒಟ್ಟು ಪುಟಗಳು ಎಷ್ಟು ಎಂದು ಬರೆಯಬೇಕು. ಬರೆದು ಮಸಿ ಒಣಗುವಷ್ಟರಲ್ಲಿ ಒಂದು ಹೆಚ್ಚಾಗಿರುತ್ತದೆ. ಅಂಚೆಗೆ ಹಾಕಲು ಮೂರು ಸಲ ಹೋದೆ. ಒಮ್ಮೆ ಕೊನೆಯ ಪುಟ ನೋಡೋಣ ಎಂದು ತೆಗೆಯುತ್ತೇನೆ, ಅಲ್ಲಿ ಹೊಸದು ಬಂದಿರುತ್ತದೆ. ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಓದಿ ಮನೆಗೆ ಬರುತ್ತೇನೆ. ನಾನ್ನೂರನೆಯ ಪುಟದಲ್ಲಿ ನನ್ನ ತಮ್ಮನ ಸೈಕಲ್ಲು ಬಂತು. ನಾನು ಅವನಿಗೆ ಕೊಟ್ಟದ್ದು. ಎರಡು ಸಲ ವಾಪಸ್ಸು ಕೇಳಿದೆ, ಆಮೇಲೆ ನಾವು ಮಾತಾಡಿಲ್ಲ. ಅದು ಇದಕ್ಕೆ ಹೇಗೆ ಗೊತ್ತಾಯಿತು?"

ನಮಗೆ ಅದರಲ್ಲಿ ಕೇಳುವಂಥದ್ದು ಏನೂ ಕಾಣಲಿಲ್ಲ.

"ನೀವು ಒಂದು ಕಾರ್ಡು ಹಾಕಿದ್ದರೆ ಸಾಕಿತ್ತಲ್ಲ, ಕಳಿಸಿಬಿಡುತ್ತಿದ್ದೆ. ಯಾಕೆ ಹಾಕಲಿಲ್ಲ?"

"ಹನ್ನೊಂದು ಬರದೆ ಸರ್," ಎಂದು ಚಂಪಾ ನನ್ನ ಕುಲುಮೆಯ ಕಡೆ ನೋಡಿದಳು.

ಅವರು ಕೊನೆಯ ಪುಟ ತೆಗೆದು ಅವಳ ಮುಂದೆ ಹಿಡಿದರು. ಅವಳು ಗಟ್ಟಿಯಾಗಿ ಓದಿದಳು: "ಆದುದರಿಂದ ಈ ಊರಿನಲ್ಲಿ ಬೆಳವಣಿಗೆಯ ದರವು." ಅಷ್ಟೇ. ಮುಂದೆ ಖಾಲಿ.

"ನಿನ್ನೆ ಬಂದ ಸಾಲು," ಎಂದರು. "ಇನ್ನೊಂದು ವಾರ ನನ್ನ ಹತ್ತಿರ ಇದ್ದರೆ ಉಳಿದದ್ದೂ ಬರುತ್ತದೆ. ಆದರೆ ಇವತ್ತು ನನಗೆ ನಿವೃತ್ತಿ. ನಾಳೆಯಿಂದ ನನ್ನ ಸಹಿಗೆ ಕಿಮ್ಮತ್ತಿಲ್ಲ. ನಾನಾಗಿ ಇದನ್ನು ಕೊಡಲಾರೆ, ಮೂರು ವರ್ಷದಿಂದ ಆಗಿಲ್ಲ. ದಯವಿಟ್ಟು ನೀವೇ ಕೇಳಿಬಿಡಿ."

ನಮ್ಮೂರಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಅರವತ್ತು ವರ್ಷದಲ್ಲಿ ನಾನು ಒಬ್ಬರ ಬಾಯಲ್ಲೂ ಕೇಳಿಲ್ಲ. ಚಂಪಾ ಆ ಅರ್ಧ ಸಾಲನ್ನು ನೋಡಿದಳು. ಒಂಬತ್ತು ವರ್ಷದಿಂದ ಹುಡುಕಿದ ಅಂಕಿ ಅದರ ಆಚೆಗೇ ನಿಂತಿತ್ತು. ಬಾಗಿಲಲ್ಲಿ ಸೌಟು ಹಿಡಿದು ನಿಂತವರನ್ನು ನೋಡಿದಳು, ಕೈಯಲ್ಲಿ ವಿಭಾಗದ ಬೀಗದ ಕೈ ಹಿಡಿದಿದ್ದ ಪ್ರೊಫೆಸರನ್ನು ನೋಡಿದಳು, ಬೆವರುತ್ತಿದ್ದ ಆ ಮುದುಕನನ್ನು ನೋಡಿದಳು. ಬಸಲಿಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ಸರ್," ಎಂದಳು. ಇನ್ನೊಮ್ಮೆ ಶುರುಮಾಡಿದಳು. "ಸರ್, ನನ್ನ ಪುಸ್ತಕ ನನಗ ಕೊಡ್ರಿ."

ಕೊಟ್ಟರು. ಕೊಟ್ಟ ಮೇಲೆ ನಿಟ್ಟುಸಿರು ಬಿಟ್ಟರು. ನನ್ನ ಅಡಿಗಲ್ಲಿನ ಮೇಲೆ ಕಾಗದ ಹರಡಿ, ಒಟ್ಟು ಪುಟ ನಾಲ್ಕು ಸಾವಿರದ ಆರುನೂರ ಹನ್ನೆರಡು ಎಂದು ಬರೆದು, ಒಂದು ನಿಮಿಷ ಕಾದು ನೋಡಿದರು. ಹೆಚ್ಚಾಗಲಿಲ್ಲ. ಸಹಿ ಹಾಕಿದರು. ಶಿವಗಂಗವ್ವ ಮೊದಲು ಅತ್ತಳು, ಆಮೇಲೆ ಮೂವತ್ತೊಂಬತ್ತು ಸೌಟುಗಳು ಒಂದಕ್ಕೊಂದು ಬಡಿದು ಆದ ಸದ್ದಿಗೆ ಬಸ್ಸಿನ ಡ್ರೈವರು ಇಳಿದು ಓಡಿ ಬಂದ. ಡಾಕ್ಟರ್ ಚಂಪಾ ಎಂದು ಮೊದಲು ಕರೆದವನು ನಾನೇ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸುತ್ತೇನೆ, ಪ್ರೊಫೆಸರು ಏನೇ ಹೇಳಲಿ. ವಾಮನಮೂರ್ತಿಯವರು ಸಂಜೆಯ ಬಸ್ಸಿಗೆ ಹೊರಟರು, ಮನೆಗಲ್ಲ, ತಮ್ಮನ ಊರಿಗೆ.

ಮರುದಿನ ಬೆಳಿಗ್ಗೆ ಚಂಪಾ ಪುಸ್ತಕವನ್ನು ಕೈಗಾಡಿಯ ಮೇಲೆ ಹೇರಿಕೊಂಡು ಕುಲುಮೆಗೆ ಬಂದಳು. ಕೆಲಸಕ್ಕೆ ಸೇರುವ ಮೊದಲ ದಿನ, ಹೊಸ ಸೀರೆ.

"ತಗೋ ಕಾಕಾ, ಎರವಲು ಕೊಡತೀನಿ, ಓದು."

"ನನಗೆಲ್ಲಿ ಓದಾಕ ಬರತೈತವಾ? ಸಹಿ ಮಾಡೂದು ಬಿಟ್ಟರ ಏನೂ ಬರೂದಿಲ್ಲ."

"ಅವಸರ ಇಲ್ಲ," ಎಂದು ನಕ್ಕು, ಖಾಲಿ ಗಾಡಿ ತಳ್ಳಿಕೊಂಡು ಹೋದಳು.

ಅದು ಈಗ ನಮ್ಮ ಪಡಸಾಲೆಯ ಗೋಡೆಯ ಹಲಗೆಯ ಮೇಲಿದೆ. ನಾನು ಕೊನೆಯ ಪುಟ ತೆಗೆದು ನೋಡಿಲ್ಲ, ನನ್ನ ಹೆಂಡತಿಗೂ ನೋಡಲು ಬಿಟ್ಟಿಲ್ಲ. ಚಂಪಾ ಹಬ್ಬಹುಣ್ಣಿಮೆಗೆ ಮನೆಗೆ ಬಂದರೆ ಆ ಗೋಡೆಗೆ ಬೆನ್ನು ಮಾಡಿ ಕೂತು ಹೋಳಿಗೆ ತಿಂದು ಹೋಗುತ್ತಾಳೆ. ಗೌರವ್ವ ಇನ್ನೂ ಹೊಳೆಯಾಚೆಯಿಂದ ಬಂದಿಲ್ಲ. ಹಲಗೆ ನಡುವೆ ಬಾಗುತ್ತ ಬಂದಿತ್ತು, ಮೊನ್ನೆ ಅದರಡಿಗೆ ಎರಡು ಕಬ್ಬಿಣದ ಆಸರೆ ಬಡಿದೆ.